ಮಾದರಿ ರಾಜ್ಯದ ಕೊನೆಯ ತಾಲ್ಲೂಕು

ಮೈಸೂರು ಸಂಸ್ಥಾನಕ್ಕೆ ಸಿಕ್ಕಷ್ಟು ಹೊಗಳಿಕೆ ಬ್ರಿಟಿಷರ ಕಾಲದ ಬೇರೆ ದೇಶೀಯ ಸಂಸ್ಥಾನಗಳಿಗೆ ಸಿಕ್ಕಿದ್ದು ಕಡಿಮೆ. 1881ರಲ್ಲೇ ಅಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮೂರು ವರ್ಷಕ್ಕೆ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1916ರಲ್ಲಿ ಸ್ವಂತ ವಿಶ್ವವಿದ್ಯಾನಿಲಯ ಬಂತು, 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಗಾಂಧೀಜಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯನ್ನು ರಾಮರಾಜ್ಯಕ್ಕೆ ಹೋಲಿಸಿದ ಮಾತು ಇಂದಿಗೂ ಮೈಸೂರಿನ ಶಾಲೆಗಳಲ್ಲಿ ಪಾಠವಾಗಿದೆ. ‘ಮಾದರಿ ಸಂಸ್ಥಾನ’ ಎಂಬ ಬಿರುದು ಆಗಿನ ಆಡಳಿತ ವರದಿಗಳಿಂದ ಹಿಡಿದು ಈಗಿನ ಪಠ್ಯಪುಸ್ತಕದವರೆಗೆ ಉಳಿದು ಬಂದಿದೆ.

ಅದೇ ಮಾದರಿ ಸಂಸ್ಥಾನದ ಪೊಲೀಸರು 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿಸಿದರು. ಎರಡು ವಾರದ ಹಿಂದಷ್ಟೇ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮೀರಿ ಧ್ವಜ ಹಾರಿಸಿದ್ದರು. ವಿದುರಾಶ್ವತ್ಥದಲ್ಲಿ ಸೇರಿದ್ದವರ ಬೇಡಿಕೆಯೂ ಅದೇ: ಧ್ವಜ ಹಾರಿಸುವ ಹಕ್ಕು, ಜನರಿಗೆ ಉತ್ತರ ಹೇಳುವ ಸರ್ಕಾರ. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಊರವರ ಲೆಕ್ಕ ಮೂವತ್ತನ್ನು ದಾಟಿತು. ನಾಲ್ಕು ವರ್ಷದ ನಂತರ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

ಮೈಸೂರಿಗೆ ಬಂದ ಹೊಗಳಿಕೆ ಸುಳ್ಳೆಂದು ಇದರಿಂದ ಹೇಳಲಾಗದು. ವಿದ್ಯುತ್ತು ನಿಜ, ವಿಶ್ವವಿದ್ಯಾನಿಲಯ ನಿಜ, ಕನ್ನಂಬಾಡಿ ಕಟ್ಟೆಯೂ ನಿಜ. ಈಸೂರಿನ ರೈತ ಕೇಳಿದ ಸಂಗತಿಗೆ ಆ ಹೊಗಳಿಕೆಯಲ್ಲಿ ಜಾಗವಿರಲಿಲ್ಲ, ಅಷ್ಟೆ. ಹೊರಗಿನವರು ಒಂದು ನಾಡನ್ನು ಅಳೆಯುವುದಕ್ಕೂ ಒಳಗಿನವರು ಅಲ್ಲಿ ಬಾಳುವುದಕ್ಕೂ ನಡುವಿನ ಈ ಅಂತರ ರಾಜ್ಯಗಳ ಶ್ರೇಯಾಂಕದ ಇತಿಹಾಸದುದ್ದಕ್ಕೂ ಕಾಣುತ್ತದೆ. ಕರ್ನಾಟಕದಷ್ಟು ಸ್ಪಷ್ಟವಾಗಿ ಅದು ಕಾಣುವ ಜಾಗ ಭಾರತದಲ್ಲಿ ಬಹಳ ಇಲ್ಲ.

ಅಳತೆಯ ಹವ್ಯಾಸ ಮೈಸೂರಿಗೆ ಹೊರಗಿನಿಂದ ಬಂದದ್ದಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅಂಕಿ ಎಂದರೆ ಪ್ರಾಣ. ಭಾರತೀಯನ ಆದಾಯ, ಆಯುಸ್ಸು, ಅಕ್ಷರಜ್ಞಾನಗಳನ್ನು ಜಪಾನ್, ಕೆನಡಾಗಳ ಪಕ್ಕದಲ್ಲಿಟ್ಟು ತೋರಿಸುವುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೋಲಿಕೆ ಜನರನ್ನು ಎಚ್ಚರಿಸುತ್ತದೆ ಎಂಬ ನಂಬಿಕೆ ಅವರದು. ಅವರ ಕನಸಿನ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿಯಿತು. ರಾಗಿಯ ನೆಲದಲ್ಲಿ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ನಾಲೆಯ ಜೊತೆಗೇ ಮಲೇರಿಯಾ ಕೂಡ ಹೊಲದ ಊರುಗಳಿಗೆ ಇಳಿಯಿತು. ಎಕರೆಗೆ ಎಷ್ಟು ಟನ್ ಎಂಬ ಅಂಕಣದಲ್ಲಿ ಮಂಡ್ಯ ಮೇಲೇರುತ್ತಿದ್ದಾಗ ಅಲ್ಲಿನ ಮನೆಗಳಲ್ಲಿ ಜನ ಚಳಿಜ್ವರದಲ್ಲಿ ನಡುಗುತ್ತಿದ್ದರು. ಎರಡನ್ನೂ ಬಲ್ಲವರು ಮಂಡ್ಯದವರು ಮಾತ್ರ.

ಇಡೀ ರಾಜ್ಯಗಳನ್ನು ಮೊದಲನೆಯದು, ಕೊನೆಯದು ಎಂದು ಸಾಲಾಗಿ ನಿಲ್ಲಿಸುವ ಪದ್ಧತಿಗೆ ಹೆಸರಾಂತ ಆರಂಭ ಸಿಕ್ಕಿದ್ದು ಅಮೆರಿಕದಲ್ಲಿ. 1931ರಲ್ಲಿ ಎಚ್.ಎಲ್. ಮೆನ್ಕೆನ್ ಮತ್ತು ಚಾರ್ಲ್ಸ್ ಆಂಗಾಫ್ ‘ಅಮೆರಿಕನ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಸಂಪತ್ತು, ಶಿಕ್ಷಣ, ಆರೋಗ್ಯ, ಸಾರ್ವಜನಿಕ ಶಾಂತಿಯ ಅಂಕಿಗಳನ್ನು ಕೂಡಿಸಿ ಮ್ಯಾಸಚೂಸೆಟ್ಸ್ ಅತ್ಯುತ್ತಮ, ಮಿಸಿಸಿಪ್ಪಿ ಅತಿ ಕೆಟ್ಟದ್ದು ಎಂದು ಸಾರಿದರು. ಭಾರತದಲ್ಲಿ ಈ ಕೆಲಸ ಸರ್ಕಾರಿ ಕಚೇರಿಗಳಿಂದ ಶುರುವಾಯಿತು. 1961ರ ಜನಗಣತಿಯ ಮುಖ್ಯಸ್ಥ ಅಶೋಕ್ ಮಿತ್ರ ದೇಶದ ಜಿಲ್ಲೆಗಳನ್ನು ಅಭಿವೃದ್ಧಿಯ ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸಿದರು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಬಂದ ಮೇಲೆ ಆಯುಸ್ಸು, ಓದು, ಆದಾಯ ಮೂರನ್ನೂ ಒಂದೇ ದಶಮಾಂಶದಲ್ಲಿ ಹೇಳುವುದು ರೂಢಿಯಾಯಿತು.

ಕನ್ನಡ ನಾಡಿನಲ್ಲಾದರೋ ರಾಜ್ಯ ಹುಟ್ಟುವ ಮೊದಲೇ ಅದರ ಅಳತೆ ಹುಟ್ಟಿತ್ತು. ಏಕೀಕರಣದ ಕೂಗು ಜೋರಾಗಿದ್ದ 1954ರಲ್ಲಿ ಮೈಸೂರು ಸರ್ಕಾರ ಶೇಷಾದ್ರಿ ಅವರ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿಯೊಂದನ್ನು ನೇಮಿಸಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಸೇರಿದರೆ ಮೈಸೂರಿನ ಗತಿ ಏನು ಎಂಬ ಪ್ರಶ್ನೆ ಅದರ ಹಿಂದಿತ್ತು. ಯಾವ ಸೀಮೆಯಲ್ಲಿ ಎಷ್ಟು ಶಾಲೆ, ಎಷ್ಟು ರಸ್ತೆ, ಎಷ್ಟು ನೀರಾವರಿ, ಎಷ್ಟು ವಿದ್ಯುತ್ತು ಎಂದು ಸಮಿತಿ ಲೆಕ್ಕ ಹಾಕಿತು. ಹಳೆ ಮೈಸೂರಿನ ಕೆಲವರ ಅಂಜಿಕೆ ಗುಟ್ಟಾಗಿ ಉಳಿದಿರಲಿಲ್ಲ: ಹಿಂದುಳಿದ ಸೀಮೆಗಳು ಬಂದರೆ ತಮ್ಮ ದುಡ್ಡು ಅತ್ತ ಹರಿದೀತು, ತಮ್ಮ ಮಟ್ಟ ಇಳಿದೀತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾಗಿದ್ದ ಫಜಲ್ ಅಲಿ ಆಯೋಗ ಆ ಅಂಜಿಕೆಯನ್ನು ಕೇಳಿಸಿಕೊಂಡೂ ಒಂದೇ ರಾಜ್ಯಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿತು. 1973ರಲ್ಲಿ ಅದು ಕರ್ನಾಟಕವಾಯಿತು.

ಒಂದಾದ ಸೀಮೆಗಳು ಸರಿಸಮವಾಗಿರಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಕೈಯಲ್ಲಿದ್ದವು. ಅಲ್ಲಿ ಕಚೇರಿಯ ಭಾಷೆ ಉರ್ದು, ದೊಡ್ಡ ಓದಿಗೆ ಹೈದರಾಬಾದಿಗೇ ಹೋಗಬೇಕು, ಕನ್ನಡ ಶಾಲೆಗಳಂತೂ ಅಪರೂಪ. ಮೈಸೂರಿನ ಹುಡುಗ ಕಾಲೇಜಿಗೆ ಕಾಲಿಡುವ ವಯಸ್ಸಿನಲ್ಲಿ ರಾಯಚೂರಿನ ಹುಡುಗನಿಗೆ ತನ್ನ ನುಡಿಯ ಅಕ್ಷರವೇ ಸಿಕ್ಕಿರುತ್ತಿರಲಿಲ್ಲ. ಏಕೀಕರಣವಾದ ಎರಡೇ ವರ್ಷಕ್ಕೆ, 1958ರಲ್ಲಿ, ಮಹಾದೇವಪ್ಪ ರಾಂಪುರೆ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜುಗಳನ್ನು ಆ ಸೀಮೆ ಬೆಂಗಳೂರಿನ ದಾರಿ ಕಾಯದೆ ತಾನೇ ಮಾಡಿಕೊಂಡಿತು. ಹಿಂದುಳಿದ ಪ್ರದೇಶವೆಂದರೆ ಕೈಕಟ್ಟಿ ಕುಳಿತವರ ಪ್ರದೇಶ ಎಂದುಕೊಳ್ಳುವವರು ಇದನ್ನು ಮರೆಯಬಾರದು. ಸರ್ಕಾರದ ವಿಶ್ವವಿದ್ಯಾನಿಲಯ ಕಲಬುರಗಿಗೆ ಬಂದದ್ದು 1980ರಲ್ಲಿ.

ಶ್ರೇಯಾಂಕದ ಮಾತು ಬಂದಲ್ಲೆಲ್ಲ ಕೇರಳದ ಹೆಸರು ಬರುತ್ತದೆ. 1975ರಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಅರ್ಥಶಾಸ್ತ್ರಜ್ಞರು ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ ಆ ಖ್ಯಾತಿಗೆ ಅಡಿಪಾಯ. ತಲಾ ಆದಾಯದಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ರಾಜ್ಯವೊಂದು ಓದಿನಲ್ಲಿ, ಆಯುಸ್ಸಿನಲ್ಲಿ ಎಲ್ಲರಿಗಿಂತ ಮುಂದಿತ್ತು. ಆ ಮುನ್ನಡೆ ಇಂದಿಗೂ ಉಳಿದಿದೆ. 2019ರ ಲೆಕ್ಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ಕೇರಳದಲ್ಲಿ 6, ಕರ್ನಾಟಕದಲ್ಲಿ 21, ಬಿಹಾರದಲ್ಲಿ 29.

ಆದರೆ ಮನೆಮನೆಗೆ ಹೋಗಿ ‘ಇತ್ತೀಚೆಗೆ ಕಾಯಿಲೆ ಬಿದ್ದಿದ್ದಿರಾ’ ಎಂದು ಕೇಳಿದರೆ ಚಿತ್ರ ತಲೆಕೆಳಗಾಗುತ್ತದೆ. ಕಾಯಿಲೆ ಎಂದು ಅತಿ ಹೆಚ್ಚು ಹೇಳುವವರು ಕೇರಳದವರು. ಬಿಹಾರದವರು ಅವರಿಗಿಂತ ಎಷ್ಟೋ ಕಡಿಮೆ ಹೇಳುತ್ತಾರೆ. ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನು ಎತ್ತಿ ತೋರಿಸಿ, ಅಮೆರಿಕದವರು ಕೇರಳದವರಿಗಿಂತಲೂ ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆ ಎಂಬ ಅಂಶವನ್ನೂ ಜೊತೆಗಿಟ್ಟರು. ಅವರು ಕೊಟ್ಟ ಕಾರಣ ಸರಳ. ಓದು ಬಲ್ಲ, ಆಸ್ಪತ್ರೆ ಹತ್ತಿರವಿರುವ ಹೆಂಗಸು ತನಗಿರುವುದು ರಕ್ತಹೀನತೆ ಎಂದು ಗುರುತಿಸುತ್ತಾಳೆ, ಮದ್ದು ಕೇಳುತ್ತಾಳೆ. ಆಸ್ಪತ್ರೆಯನ್ನೇ ಕಾಣದವಳಿಗೆ ಸುಸ್ತು ಎಂಬುದು ಹೆಣ್ಣು ಜನ್ಮದ ಪಾಡು. ಸಮೀಕ್ಷೆಯವರು ಬಂದಾಗ ಅವಳು ಚೆನ್ನಾಗಿದ್ದೇನೆ ಎನ್ನುತ್ತಾಳೆ, ಅದನ್ನೇ ನಂಬಿಯೂ ಇರುತ್ತಾಳೆ. ಹೇಳಿಕೊಳ್ಳುವ ಕಾಯಿಲೆಯನ್ನಷ್ಟೇ ನಂಬಿ ಆರೋಗ್ಯದ ಹಣ ಹಂಚಿದರೆ ಅವಳ ಪಾಲಿಗೆ ಏನೂ ಬಾರದು ಎಂಬುದೇ ಸೇನರ ಎಚ್ಚರಿಕೆ.

ಈ ವಾದ ಒಪ್ಪುವಂಥದ್ದು. ಹಾಗೆಂದು ಕೇರಳದವರು ಹೇಳುವ ದೂರನ್ನೆಲ್ಲ ಓದು ಬಂದವರ ಸೂಕ್ಷ್ಮತೆ ಎಂದು ಬದಿಗಿಡಲಾಗದು. ಅದಕ್ಕೆ ಕಾಸರಗೋಡಿನ ಕನ್ನಡಿಗರೇ ಸಾಕ್ಷಿ. 1956ರಲ್ಲಿ ಕೇರಳಕ್ಕೆ ಹೋದ ಈ ನೆಲದಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತ್ತು. ಆ ಶಿಫಾರಸು ಜಾರಿಯಾಗಲಿಲ್ಲ. ಆರೋಗ್ಯದಲ್ಲಿ ದೇಶಕ್ಕೇ ಮೊದಲೆನಿಸಿದ ರಾಜ್ಯದ ಈ ತುದಿಯಲ್ಲಿ, ಎಣ್ಮಕಜೆ ಪಂಚಾಯಿತಿಯ ಪಡ್ರೆಯ ಸುತ್ತಮುತ್ತ, ಸರ್ಕಾರಿ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಸುರಂಗ, ತೋಡು, ಮನೆ. ಮೇಲೆ ಬಿದ್ದದ್ದು ಕೆಳಗಿನವರ ಕುಡಿಯುವ ನೀರಿಗಿಳಿಯಿತು.

ಅಂಗವಿಕಲ ಕರುಗಳು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಒಂದೇ ಕಣಿವೆಯ ಮನೆಗಳಲ್ಲಿ ಬುದ್ಧಿಮಾಂದ್ಯ, ಕ್ಯಾನ್ಸರ್, ಅಪಸ್ಮಾರ ಏಕಿಷ್ಟು ಎಂದು ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ರಾಜ್ಯದ ಸರಾಸರಿಯಲ್ಲಿ ಈ ಮನೆಗಳು ಕಾಣಲಿಲ್ಲ. ಕೇರಳದ ಶಿಶುಮರಣ ದರ ಆ ವರ್ಷಗಳಲ್ಲೂ ಇಳಿಯುತ್ತಲೇ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಅದೇ ಮದ್ದು, ಅದೇ ಪಾಡು. ಮಾನವ ಅಭಿವೃದ್ಧಿಯಲ್ಲಿ ದಕ್ಷಿಣ ಕನ್ನಡ ಕರ್ನಾಟಕದ ಮುಂಚೂಣಿಯ ಜಿಲ್ಲೆ.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಇನ್ನೊಂದು ಸತ್ಯ ಬಯಲಾಯಿತು. ಕಾಸರಗೋಡಿನವರು ಹೃದಯಕ್ಕೆ, ಕಿಡ್ನಿಗೆ, ಹೆರಿಗೆಗೆ ಓಡುವುದು ಮಂಗಳೂರಿಗೆ. ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸುಗಳು ಹಿಂದಿರುಗಿದವು, ಹಲವರು ದಾರಿಯಲ್ಲೇ ಸತ್ತರು, ವಿಷಯ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. 2013ರಲ್ಲಿ ಶಿಲಾನ್ಯಾಸಗೊಂಡಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆ ಏಪ್ರಿಲ್‌ನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಲಾಯಿತು. ಮೊದಲನೆಯ ಸ್ಥಾನದ ರಾಜ್ಯದಲ್ಲಿದ್ದೂ ಕಾಸರಗೋಡಿನವರು ಅಷ್ಟು ವರ್ಷ ನೆಚ್ಚಿಕೊಂಡಿದ್ದು ನೆರೆ ರಾಜ್ಯದ ಹಾಸಿಗೆಗಳನ್ನು.

ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿ ಬಂದದ್ದು 1999ರಲ್ಲಿ, ಎರಡನೆಯದು 2005ರಲ್ಲಿ. ಎರಡನೆಯ ವರದಿಯ ಪ್ರಕಾರ 2001ರಲ್ಲಿ ರಾಜ್ಯದ ಸೂಚ್ಯಂಕ 0.650. ದೇಶದ ರಾಜ್ಯಗಳ ಸಾಲಿನಲ್ಲಿ ಏಳನೆಯ ಜಾಗ: ಹೆಮ್ಮೆಪಡಲೂ ಆಗದ, ನಾಚಲೂ ಬೇಡದ ಸ್ಥಾನ. ಆ ವರದಿಯ ಬೆಲೆ ಇರುವುದು ಮುಂದಿನ ಪುಟಗಳಲ್ಲಿ, ಜಿಲ್ಲೆಗಳ ಪಟ್ಟಿಯಲ್ಲಿ. ಬೆಂಗಳೂರು ನಗರ 0.753, ದಕ್ಷಿಣ ಕನ್ನಡ 0.722, ಉಡುಪಿ 0.714. ಕೆಳಗೆ ಕಲಬುರಗಿ 0.564, ಎಲ್ಲಕ್ಕಿಂತ ಕೆಳಗೆ ರಾಯಚೂರು 0.547. ಅಂದರೆ 0.650 ಎಂಬ ಕರ್ನಾಟಕದಲ್ಲಿ ಮಂಗಳೂರಿನವರೂ ಇರಲಿಲ್ಲ, ರಾಯಚೂರಿನವರೂ ಇರಲಿಲ್ಲ.

ಇದಕ್ಕಿಂತ ಮೂರು ವರ್ಷ ಮೊದಲೇ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಇನ್ನೂ ಆಳಕ್ಕೆ ಅಗೆದಿದ್ದರು. ಪ್ರಾದೇಶಿಕ ಅಸಮತೋಲನ ನಿವಾರಣೆಗೆ 2000ದಲ್ಲಿ ನೇಮಕವಾದ ಅವರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಜಿಲ್ಲೆಯ ಸರಾಸರಿಯೂ ಮೋಸ ಮಾಡುತ್ತದೆ ಎಂದು ಬಲ್ಲ ಆ ಸಮಿತಿ ಆಗಿದ್ದ 175 ತಾಲ್ಲೂಕುಗಳನ್ನೂ 35 ಸೂಚಕಗಳಲ್ಲಿ ತೂಗಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗಿದ್ದ ತಾಲ್ಲೂಕುಗಳು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು.

ವರದಿ ಉತ್ತರ ಕರ್ನಾಟಕದ ಅಳಲನ್ನಷ್ಟೇ ಎತ್ತಿ ಹಿಡಿಯಲಿಲ್ಲ. ಬೆಂಗಳೂರಿಗೆ ಕೂಗಳತೆಯಲ್ಲಿರುವ ಕನಕಪುರ, ಮಾಗಡಿಗಳೂ ಕೊನೆಯ ಗುಂಪಿನಲ್ಲಿದ್ದವು, ಪಾವಗಡವೂ ಇತ್ತು. ರಾಜಧಾನಿಯ ಬೆಳಕು ಇಪ್ಪತ್ತು ಹರದಾರಿಯನ್ನೂ ದಾಟಿಲ್ಲ ಎಂದು ಸರ್ಕಾರದ ಕಾಗದವೇ ಒಪ್ಪಿಕೊಂಡಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಮುಂದಿಟ್ಟಿತು. ಪಟ್ಟಿಯ ತಳದಲ್ಲಿ, 0.53ರ ಸೂಚ್ಯಂಕದೊಂದಿಗೆ, ರಾಯಚೂರು ಜಿಲ್ಲೆಯ ದೇವದುರ್ಗ ನಿಂತಿತ್ತು.

ದೇವದುರ್ಗ ಬರಡು ನೆಲವಲ್ಲ. ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಜಿಲ್ಲೆಯ ದಕ್ಷಿಣದಂಚಿಗೆ ತುಂಗಭದ್ರೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ರಾಜ್ಯಕ್ಕೆಲ್ಲ ಕರೆಂಟು ಕೊಟ್ಟಿದೆ. ಅದರ ಹಾರುಬೂದಿ ಮಾತ್ರ ರಾಯಚೂರಿನ ಪಾಲು. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತ ಬೆಳೆದರೆ, ಕೊನೆ ಭಾಗದ ಮಾನ್ವಿ, ಸಿರವಾರಗಳ ರೈತರು ನೀರಿಗಾಗಿ ರಸ್ತೆ ತಡೆ ಮಾಡುವುದು ವರ್ಷವರ್ಷದ ಮಾತು. ಚಿನ್ನ, ಕರೆಂಟು, ಎರಡು ನದಿ ಇದ್ದೂ ಕೊನೆಯ ಸ್ಥಾನ ಎಂಬುದನ್ನು ರಾಯಚೂರಿನವರು ವರದಿ ಬರುವ ಮೊದಲೇ ಬಲ್ಲರು. ಅವರ ಬಳಿ ಅದಕ್ಕೊಂದು ಅಳತೆಯೂ ಇತ್ತು: ಈ ವರ್ಷ ಎಷ್ಟು ಮನೆ ಗುಳೆ ಹೋದವು?

ಮಳೆ ಕೈಕೊಟ್ಟ ವರ್ಷ ದೀಪಾವಳಿಯ ಬೆನ್ನಿಗೇ, ಬೆಳೆ ಬಂದ ವರ್ಷ ಹತ್ತಿ ಬಿಡಿಸಿ, ತೊಗರಿ ಒಕ್ಕಿದ ಮೇಲೆ ಗುಳೆ ಶುರುವಾಗುತ್ತದೆ. ಸಂಜೆಯ ಬೆಂಗಳೂರು ಬಸ್ಸಿಗೆ ನಿಲ್ದಾಣದಲ್ಲಿ ಗೋಣಿಚೀಲಗಳ ಸಾಲು. ಒಂದರಲ್ಲಿ ಜೋಳ, ಒಂದರಲ್ಲಿ ಹಂಚು, ತಾಟು, ಕೊಡ. ಕೌದಿಗಳ ಗಂಟು ಬೇರೆ. ಗಂಡ, ಹೆಂಡತಿ, ಮೂರು ಮಕ್ಕಳಿದ್ದರೆ ಕಿರಿಯದು ಕಂಕುಳಲ್ಲಿ, ದೊಡ್ಡದು ಚೀಲ ಕಾಯಲಿಕ್ಕೆ. ಮೇಸ್ತ್ರಿ ಕೊಟ್ಟ ಮುಂಗಡ ಮದುವೆಗೋ ಆಸ್ಪತ್ರೆಗೋ ಆಗಲೇ ಖರ್ಚಾಗಿದೆ. ಮುದುಕರು, ದನ ಊರಲ್ಲಿ. ಮನೆಯವರೆಲ್ಲಿ ಎಂದು ಕೇಳಿದರೆ ಕಟ್ಟೆಯ ಮೇಲೆ ಕುಳಿತ ಅಜ್ಜಿ ‘ದುಡಿಯಾಕ ಹೋಗ್ಯಾರ’ ಎನ್ನುತ್ತಾಳೆ. ಎಂದು ಬರುತ್ತಾರೆ ಎಂದರೆ ಯುಗಾದಿ, ಇಲ್ಲವೇ ಮುಂಗಾರು.

ಆ ಮಕ್ಕಳು ಬಿಟ್ಟು ಹೋಗುವ ಶಾಲೆಗೂ ಒಂದು ಶ್ರೇಯಾಂಕವಿದೆ. ಅದನ್ನು ಕರ್ನಾಟಕವಿಡೀ ಮೇ ತಿಂಗಳಲ್ಲಿ ಪತ್ರಿಕೆಯ ಮುಖಪುಟದಲ್ಲಿ ಓದುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿಗೆ ಶೇ 94, ಯಾದಗಿರಿಗೆ ಶೇ 50.59. ಮರುವರ್ಷ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಫಲಿತಾಂಶ ಬಂದ ದಿನ ಕೊನೆಯ ಜಿಲ್ಲೆಯ ಅಧಿಕಾರಿಗೆ ನೋಟಿಸು, ಮೇಷ್ಟ್ರುಗಳಿಗೆ ಬೈಗುಳ. ಖಾಲಿ ಬಿದ್ದ ಶಿಕ್ಷಕ ಹುದ್ದೆಗಳ ಲೆಕ್ಕ, ಡಿಸೆಂಬರಿನಲ್ಲಿ ತರಗತಿ ಬಿಟ್ಟು ಏಪ್ರಿಲ್‌ನಲ್ಲಿ ಮರಳುವ ಮಕ್ಕಳ ಲೆಕ್ಕ ಆ ಪಟ್ಟಿಯ ಪಕ್ಕದಲ್ಲಿ ಅಚ್ಚಾಗುವುದಿಲ್ಲ. ಅಚ್ಚಾಗಬೇಕು. ಅದಿಲ್ಲದ ಪಟ್ಟಿ ಹದಿನಾರರ ಹುಡುಗಿಯೊಬ್ಬಳಿಗೆ ಅವಳ ಜಿಲ್ಲೆ ದಡ್ಡರದ್ದು ಎಂದಷ್ಟೇ ಹೇಳುತ್ತದೆ.

ಗುಳೆಯ ಬಸ್ಸು ಬೆಳಗಿನ ಜಾವ ಇಳಿಸುವ ಊರಿನ ಕಥೆಯೂ ಶ್ರೇಯಾಂಕದ್ದೇ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2018ರಲ್ಲಿ ಸುಗಮ ಜೀವನ ಸೂಚ್ಯಂಕ ಪ್ರಕಟಿಸಿದಾಗ 111 ನಗರಗಳಲ್ಲಿ ಪುಣೆ ಮೊದಲು, ಬೆಂಗಳೂರು 58ನೆಯದು. 2021ರ ಮಾರ್ಚಿನಲ್ಲಿ ಮುಂದಿನ ಪಟ್ಟಿ ಬಂತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಬೆಂಗಳೂರೇ ಮೊದಲು. ಮೂರು ವರ್ಷಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾಯುವ ಹೊತ್ತು ಕಡಿಮೆಯಾಗಿರಲಿಲ್ಲ, ಬೆಳ್ಳಂದೂರು ಕೆರೆಯೂ ತಿಳಿಯಾಗಿರಲಿಲ್ಲ. ಬದಲಾದದ್ದು ಅಳತೆಗೋಲು. ಹೊಸ ಲೆಕ್ಕದಲ್ಲಿ ಆರ್ಥಿಕ ಸಾಮರ್ಥ್ಯ, ಜೀವನ ಗುಣಮಟ್ಟ, ಸುಸ್ಥಿರತೆ, ನಾಗರಿಕರ ಅಭಿಪ್ರಾಯ ಎಂದು ನಾಲ್ಕು ಕಂಬ. ಬೆಂಗಳೂರು ಗೆದ್ದದ್ದು ಆರ್ಥಿಕ ಸಾಮರ್ಥ್ಯದಲ್ಲಿ. ಜೀವನ ಗುಣಮಟ್ಟದ ಕಂಬದಲ್ಲಿ ಮುಂದಿದ್ದದ್ದು ಚೆನ್ನೈ, ನಾಗರಿಕರ ಅಭಿಪ್ರಾಯದಲ್ಲಿ ಭುವನೇಶ್ವರ.

ನಿವಾಸಿಗಳ ಮಾತಿಗೆ ಶೇಕಡಾ 30ರಷ್ಟು ತೂಕ ಕೊಟ್ಟದ್ದು ಆ ಸೂಚ್ಯಂಕದ ದೊಡ್ಡ ಹೆಜ್ಜೆ, ಅದನ್ನು ಮೆಚ್ಚಲೇಬೇಕು. ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ಆದರೆ ಮುಖಪುಟದಲ್ಲಿ ಬಂದದ್ದು ‘ಬೆಂಗಳೂರು ನಂಬರ್ 1’ ಎಂಬ ಸಾಲು ಮಾತ್ರ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಅದೇ ಅಪಾರ್ಟ್‌ಮೆಂಟುಗಳ ಹಿಂಬದಿಯಲ್ಲಿ, ತಗಡಿನ ಶೆಡ್ಡುಗಳಲ್ಲಿ, ದೇವದುರ್ಗದ, ಸುರಪುರದ, ಶಹಾಪುರದ ಕುಟುಂಬಗಳಿವೆ. ಹತ್ತನೆಯ ಮಹಡಿಗೆ ಸಿಮೆಂಟು ಹೊತ್ತವರು ಅವರು. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದ್ದಕ್ಕಿಂತ ಸುಮಾರು ಐದು ಪಟ್ಟು. ಆ ಆದಾಯದಲ್ಲಿ ಅವರ ಬೆವರು ಸೇರಿದೆ, ಅವರು ಸೇರಿಲ್ಲ.

ಇಷ್ಟಾದರೂ ಶ್ರೇಯಾಂಕವನ್ನು ಸಾರಾಸಗಟಾಗಿ ತಳ್ಳಿಹಾಕುವ ಮಾತಿಗೆ ರಾಯಚೂರು, ಕಲಬುರಗಿಯ ಹೋರಾಟಗಾರರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಗಿಳಿದರು. ದೆಹಲಿ ಮೊದಲು ಆ ಬೇಡಿಕೆಯನ್ನು ತಳ್ಳಿಹಾಕಿತು. ನಮ್ಮ ಸೀಮೆ ಹಿಂದುಳಿದಿದೆ ಎಂಬುದು 2002ರವರೆಗೆ ಬರೀ ದೂರು. 2002ರ ವರದಿಯ ನಂತರ ಅದಕ್ಕೆ ದಾಖಲೆಯ ಬಲ ಬಂತು. ನಂಜುಂಡಪ್ಪ ವರದಿಯ ಪಟ್ಟಿ ಹಿಡಿದು ಅವರು ವಿಧಾನಸಭೆಯಲ್ಲೂ ಸಂಸತ್ತಿನಲ್ಲೂ ವಾದಿಸಿದರು. 2012ರ ಕೊನೆಯಲ್ಲಿ ಸಂಸತ್ತು 98ನೆಯ ತಿದ್ದುಪಡಿ ಒಪ್ಪಿ 371(ಜೆ) ವಿಧಿಯನ್ನು ಸೇರಿಸಿತು. ಸೀಮೆಯ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು, ಸ್ಥಳೀಯ ಹುದ್ದೆಗಳಲ್ಲಿ ಮೀಸಲು, ಪ್ರತ್ಯೇಕ ಅಭಿವೃದ್ಧಿ ಮಂಡಳಿ. ಬೀದರಿನ ರೈತನ ಮಗಳು ಇಂದು ವೈದ್ಯಕೀಯ ಸೀಟು ಪಡೆಯುತ್ತಿದ್ದರೆ ಅದರಲ್ಲಿ ಆ ಕೊನೆಯ ಸ್ಥಾನದ ಪಾಲೂ ಇದೆ. ಆಸ್ಪತ್ರೆಯನ್ನೇ ಕಾಣದ ಆ ಹೆಂಗಸಿನಂತೆ ಸುಮ್ಮನಿರದೆ, ತಮ್ಮ ನೋವಿಗೆ ಅಂಕಿಯ ಹೆಸರು ಕೊಟ್ಟು ಕೇಳಿದ್ದರಿಂದ ಬಂದ ಫಲವಿದು.

ಕೇಳಿದ್ದೆಲ್ಲ ಸಿಗಲಿಲ್ಲ. ನಂಜುಂಡಪ್ಪ ವರದಿ ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು. 2016ರಲ್ಲಿ ಐಐಟಿ ಧಾರವಾಡಕ್ಕೆ ಹೋಯಿತು, ರಾಯಚೂರಿಗೆ ಮೂರು ವರ್ಷದ ನಂತರ ಐಐಐಟಿ ಬಂತು. ಆ ನೋವಿನ ಮೇಲೆಯೇ 2022ರ ಮೇನಲ್ಲಿ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಶುರುವಾಯಿತು. ಸಾವಿರ ದಿನ ದಾಟಿದರೂ ಟೆಂಟು ಕದಲಲಿಲ್ಲ. 2019ರಲ್ಲಿ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು. ನಂಜುಂಡಪ್ಪನವರ ಎಂಟು ವರ್ಷ ಮುಗಿದು ಬಹಳ ಕಾಲವಾಗಿದೆ. 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ತಾಲ್ಲೂಕುಗಳನ್ನು ಮತ್ತೆ ಅಳೆಯಲು ಹೊಸ ಸಮಿತಿ ನೇಮಕವಾಯಿತು. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಕರ್ನಾಟಕ ಶೇ 12.77ರಿಂದ ಶೇ 7.58ಕ್ಕೆ ಇಳಿದಿದೆ, ಸಂತೋಷದ ಸಂಗತಿ. ಈ 7.58ರೊಳಗೆ ಯಾರು ಉಳಿದಿದ್ದಾರೆ ಎಂಬುದನ್ನು ತಾಲ್ಲೂಕಿನ ಲೆಕ್ಕವೇ ಹೇಳಬೇಕು.

ತಾಲ್ಲೂಕಿನ ಲೆಕ್ಕಕ್ಕೆ ತಳಹದಿ ಜನಗಣತಿ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, ತಲೆ ಎಣಿಕೆ ಈಗ 2027ರ ಫೆಬ್ರವರಿಗೆ ನಿಗದಿಯಾಗಿದೆ. 2011ರದ್ದೂ ಫೆಬ್ರವರಿಯಲ್ಲೇ ನಡೆದಿತ್ತು. ಫೆಬ್ರವರಿ ಎಂದರೆ ಗುಳೆಯ ನಡುಗಾಲ. ಗಣತಿಯ ಮೇಷ್ಟ್ರು ದೇವದುರ್ಗದ ಓಣಿಗೆ ಬಂದಾಗ ಬೀಗ ಹಾಕಿದ ಮನೆ ಸಿಗುತ್ತದೆ, ಇಲ್ಲವೇ ಅಜ್ಜಿಯೊಬ್ಬಳೇ ಸಿಗುತ್ತಾಳೆ. ಬೆಂಗಳೂರಿನ ಕಟ್ಟಡದ ಕಾವಲುಗಾರ ಗೇಟು ತೆರೆಯದಿದ್ದರೆ ಅದೇ ಕುಟುಂಬ ಅಲ್ಲಿಯೂ ಲೆಕ್ಕಕ್ಕೆ ಬಾರದು. ಶಾಲೆ ಎಷ್ಟು ಬೇಕು, ಅಂಗನವಾಡಿ ಎಲ್ಲಿ ಬೇಕು, ಯಾವ ತಾಲ್ಲೂಕು ಎಷ್ಟು ಹಿಂದಿದೆ ಎಂಬುದೆಲ್ಲ ಮುಂದಿನ ಹತ್ತು ವರ್ಷ ಆ ಎಣಿಕೆಯ ಮೇಲೆಯೇ ನಿಲ್ಲುತ್ತದೆ. ಗಣತಿದಾರರಿಗೆ ತರಬೇತಿ ಕೊಡುವ ಹೊತ್ತಿಗೇ ಬಿಲ್ಡರುಗಳಿಂದ ಶೆಡ್ಡುಗಳ ಪಟ್ಟಿ ತರಿಸಿಕೊಳ್ಳುವುದು, ಕೂಲಿ ಮುಗಿದ ಸಂಜೆ ಅಲ್ಲಿಗೆ ಹೋಗುವುದು, ಹೆಸರಿನ ಜೊತೆ ಯಾವ ಊರು, ಏಕೆ ಬಂದಿರಿ ಎಂದು ಬರೆದುಕೊಳ್ಳುವುದು ಬೆಂಗಳೂರಿನ ಆಡಳಿತ ಮಾಡಬಹುದಾದ ಕೆಲಸ. ರಾಯಚೂರು ಜಿಲ್ಲಾಡಳಿತ ಈಗಿನಿಂದಲೇ ಪಂಚಾಯಿತಿಗಳಲ್ಲಿ ಗುಳೆ ಹೋದವರ ದಾಖಲೆ ಪುಸ್ತಕ ಇಡಿಸಿದರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಲು ಆ ಫೆಬ್ರವರಿಯಲ್ಲಿ ಸಾಧ್ಯವಾಗುತ್ತದೆ.